ಕಾಫಿ ಬಂದರೆ ಕಬ್ಬಿಣ ಪಾಸು

ಭದ್ರಾವತಿಯಲ್ಲಿ ಕಬ್ಬಿಣದ ಬಗ್ಗೆ ನನಗೇನೂ ಗೊತ್ತಿಲ್ಲ ಅನ್ನುವ ಮನುಷ್ಯ ನಿಮಗೆ ಸಿಕ್ಕರೆ, ಅವನು ಬಸ್ಸಿನಲ್ಲಿ ನಿದ್ದೆ ಹೋಗಿ ತಪ್ಪಿ ಇಳಿದವನೇ ಇರಬೇಕು. ಇಲ್ಲಿ ಹೂ ಮಾರುವವಳೂ ತಕ್ಕಡಿಯ ತೂಕದ ಬಟ್ಟನ್ನು ಉಗುರಿನಲ್ಲಿ ತಟ್ಟಿ ಇದು ಎರಕದ್ದು ಎಂದು ತೀರ್ಪು ಕೊಡುತ್ತಾಳೆ. ಇಂಥ ಊರಿನ ಓಲ್ಡ್ ಟೌನಿನಲ್ಲಿ, ಕಬ್ಬಿಣದ ವಿಷಯಕ್ಕೆ ಕೊನೆಯ ಮಾತು ನಮ್ಮಪ್ಪನದು. ಹೆಸರು ರಂಗಪ್ಪ. ಕಾರ್ಖಾನೆಯಲ್ಲಿ ಕೆಂಡದಂಥ ಉಕ್ಕನ್ನು ಬಡಿಯುವ ದೊಡ್ಡ ಸುತ್ತಿಗೆ ಯಂತ್ರದ ಪಕ್ಕದಲ್ಲೇ ನಿಂತು ತಲೆ ನರೆಸಿಕೊಂಡು ರಿಟೈರ್ ಆದವರು.

ಆಕ್ಸಲ್ಲು, ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಗೇರು, ಯಾವ ಹಳೆಯ ಸಾಮಾನು ಕೊಳ್ಳುವುದಿದ್ದರೂ ಜನ ಮೊದಲು ನಮ್ಮ ಅಂಗಳಕ್ಕೆ ಹೊತ್ತು ತರುತ್ತಾರೆ. ಅಪ್ಪ ಅದನ್ನು ಚಪ್ಪರದ ತೊಲೆಯ ಕೊಂಡಿಗೆ ಹಗ್ಗದಲ್ಲಿ ನೇತುಹಾಕಿ, ಸಣ್ಣ ಸುತ್ತಿಗೆಯಲ್ಲಿ ಒಂದೇಟು ಹಾಕುತ್ತಾರೆ. ಕಬ್ಬಿಣ ಗಟ್ಟಿಯಿದ್ದರೆ ಗುಡಿಯ ಗಂಟೆಯ ಹಾಗೆ ನಾದ ಎಳೆಯುತ್ತದೆ. ಒಳಗೆಲ್ಲೋ ಬಿರುಕಿದ್ದರೆ ಟಪ್ ಎಂದು ಅಲ್ಲೇ ಸಾಯುತ್ತದೆ. ಅಪ್ಪ ಅವಸರದ ಮನುಷ್ಯ ಅಲ್ಲ. ಹೊಡೆಯುತ್ತಾರೆ, ಗಡ್ಡ ಕೆರೆಯುತ್ತಾರೆ, ಇನ್ನೊಂದು ಹೊಡೆಯುತ್ತಾರೆ, ಬಾಗಿಲ ಕಡೆ ನೋಡಿಕೊಂಡು ಯೋಚನೆ ಮಾಡುತ್ತಾರೆ. ಪಾಸಾಗುವ ಮಾಲಾದರೆ ಅಷ್ಟರಲ್ಲಿ ನಮ್ಮಮ್ಮ ಉಚ್ಚಂಗಮ್ಮ ಒಳಗಿಂದ ಕಾಫಿ ತರುತ್ತಾಳೆ, ಅಪ್ಪ ಮೂರು ಬೆರಳಲ್ಲಿ ಕಬ್ಬಿಣಕ್ಕೆ ವಿಭೂತಿ ಬಳಿಯುತ್ತಾರೆ. ಪಾಸಾಗದಿದ್ದರೆ ಕಾಫಿಯೂ ಇಲ್ಲ, ವಿಭೂತಿಯೂ ಇಲ್ಲ. ಕಾಫಿ ಬಂದರೆ ಕಬ್ಬಿಣ ಪಾಸು ಎಂಬುದು ನಮ್ಮ ಬೀದಿಯಲ್ಲಿ ಗಾದೆಯೇ ಆಗಿಬಿಟ್ಟಿದೆ.

ನಾನು ಮೈತ್ರಿ, ಅವರ ಒಬ್ಬಳೇ ಮಗಳು. ಟ್ಯಾಕ್ಸಿ ಓಡಿಸುತ್ತೇನೆ. ಹಳೆಯ ಡೀಸೆಲ್ ಗಾಡಿ, ಹಿಂದೆ ಎದುರುಬದುರು ಸೀಟು. ಬೆಳಿಗ್ಗೆ ಭದ್ರಾವತಿಯಿಂದ ಹೆಂಗಸರನ್ನು ಕೂರಿಸಿಕೊಂಡು ಶಿವಮೊಗ್ಗಕ್ಕೆ, ಸಂಜೆ ವಾಪಸ್ಸು. ಆಸ್ಪತ್ರೆಯಲ್ಲಿ ಆಯಾ ಆಗಿರುವ ಸಾವಿತ್ರಮ್ಮ, ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳ ಹುಡುಗಿಯರು, ಎಲ್ಲರೂ ಬಸ್ಸಿನಲ್ಲಿ ಕಂಡಕಂಡವರ ಮೊಣಕೈ ತಿಂದು ಸಾಕಾಗಿ ನನ್ನ ಗಾಡಿಗೆ ಬಂದವರು. ಗಂಡನ ಮನೆಯಿಂದ ನಾನು ಉಟ್ಟ ಸೀರೆಯಲ್ಲಿ ಎದ್ದು ಬಂದವಳು. ಆಮೇಲೆ ನನ್ನದು ಅಂತ ಆದದ್ದು ಈ ಗಾಡಿ ಒಂದೇ. ಅದು ನಿಂತರೆ ನಾನು ಮತ್ತೆ ಯಾರದೋ ಮನೆಯ ಮೂಲೆಯಲ್ಲಿ ಕೂತು ಅಕ್ಕಿ ಆರಿಸಬೇಕು. ಸತ್ತರೂ ಆರಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೆ.

ಆ ಗಾಡಿ ಮಲವಗೊಪ್ಪದ ಹತ್ತಿರ ನಿಂತಿತು. ಆಯಿಲ್ ಪೈಪು ಸೀಳಿ ಎಣ್ಣೆಯೆಲ್ಲ ರಸ್ತೆಗೆ ಹೋಗಿತ್ತು. ಎಂಜಿನ್ನು ಟಕಟಕ ಬಡಿದುಕೊಂಡು ಸುಮ್ಮನಾಯಿತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಎಳೆಸಿಕೊಂಡು ಹೋದೆ. ಮೆಕ್ಯಾನಿಕ್ ಚಂದ್ರಹಾಸ ಎಂಜಿನ್ ಬಿಚ್ಚಿ, ಕ್ರ್ಯಾಂಕ್ ಶಾಫ್ಟನ್ನು ತೆಗೆದು ನನ್ನ ಮುಂದೆ ಮಲಗಿಸಿದ. ಪಿಸ್ಟನ್ನುಗಳ ಕುಣಿತವನ್ನು ಚಕ್ರದ ತಿರುಗಾಟ ಮಾಡುವ ಡೊಂಕು ಉಕ್ಕು ಅದು. ಹುಟ್ಟಾ ಡೊಂಕು, ಆದರೆ ಆ ಡೊಂಕಿನಲ್ಲಿ ಕೂದಲೆಳೆಯಷ್ಟೂ ತಪ್ಪು ಇರಕೂಡದು. ನನ್ನದರ ಮೈತುಂಬ ಗೀರು.

"ಇದು ಮುಗೀತು ಮೈತ್ರಕ್ಕ," ಅಂದ ಚಂದ್ರಹಾಸ. "ಆಗ್ಲೇ ಎರಡು ಸಲ ಗ್ರೈಂಡಿಂಗ್ ಆಗೈತೆ. ಇನ್ನು ಕೆರೆಯಕ್ಕೆ ಮೈಯಾಗೆ ಮಾಂಸ ಇಲ್ಲ. ಬೇರೆ ಹುಡುಕಬೇಕು."

ಹುಡುಕಲು ಹೊರಟೆವು. ಒಂದು ಅಂಗಡಿಯವನು ಹೆಸರೇ ಇಲ್ಲದ ಡಬ್ಬಿಯಿಂದ ಹೊಳೆಹೊಳೆಯುವ ಹೊಸ ಕ್ರ್ಯಾಂಕ್ ತೆಗೆದು ತೋರಿಸಿದ. ಯಾರು ಮಾಡಿದ್ದು ಎಂದು ಕೇಳಿದೆ. "ಒರಿಜಿನಲ್ ಥರಾನೇ ಮೇಡಂ" ಅಂದ. ಥರ ಅನ್ನುವ ಮಾತು ಬಂದ ಕಡೆ ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದುಬಿಡುತ್ತೇನೆ. ನನ್ನ ಮದುವೆಯಲ್ಲೂ ಹುಡುಗ ಬಂಗಾರದ ಥರ ಅಂದಿದ್ದರು.

ಕೊನೆಗೆ ಗುಜರಿಯಲ್ಲಿ ಒಂದು ಒರಿಜಿನಲ್ ಸಿಕ್ಕಿತು. ಇನ್ನೂ ಗ್ರೈಂಡಿಂಗ್ ಕಂಡೇ ಇಲ್ಲ. ಚಂದ್ರಹಾಸ ಅಳತೆ ಹಿಡಿದು ನೋಡಿ, ಮುಖ ಅರಳಿಸಿ, ಆಮೇಲೆ ಅನುಮಾನಪಟ್ಟ. "ಅಳತೆ ಚಿನ್ನದಂಗೈತೆ ಅಕ್ಕ. ಆದ್ರೆ ಇದು ಮರಕ್ಕೆ ಗುದ್ದಿದ ಗಾಡೀದು. ಬಿರುಕು ಬಿಟ್ಟಿದ್ರೆ ನನ್ನ ಅಳತೆಗೆ ಗೊತ್ತಾಗಲ್ಲ. ಮಿಷನ್ನಾಗೆ ನೋಡಿಸ್ಬೇಕು ಅಂದ್ರೆ ಬೆಂಗ್ಳೂರಿಗೆ ಕಳಿಸ್ಬೇಕು."

"ಮನೇಲಿ ನಮ್ಮಪ್ಪ ಇರುವಾಗ ಬೆಂಗ್ಳೂರು ಯಾಕೋ ಮಾರಾಯ?" ಅಂದೆ. ಎಷ್ಟು ಜಂಬದಿಂದ ಅಂದೆ ಎಂದು ನೆನೆದರೆ ಈಗ ಮೈ ಉರಿಯುತ್ತದೆ.

ಅವಸರ ಬೇರೆ ಇತ್ತು. ನನ್ನ ಗಾಡಿ ನಿಂತ ಮರುದಿನದಿಂದಲೇ ನಮ್ಮ ಬೀದಿಯ ಸುದೀಪ ತನ್ನ ಹೊಸ ಗಾಡಿಯಲ್ಲಿ ನನ್ನ ಹೆಂಗಸರನ್ನು ಕೂರಿಸಿಕೊಂಡು ಹೋಗುತ್ತಿದ್ದ. ಉಪಕಾರಕ್ಕೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಮುಂದಿನ ತಿಂಗಳಿಂದ ಕಾಯಂ ತನ್ನ ಗಾಡಿಗೇ ಬರಬೇಕು, ಇಲ್ಲದಿದ್ದರೆ ನಾಳೆಯಿಂದಲೇ ಇಳಿಯಿರಿ ಎಂದು ಅವರಿಗೆ ಗಂಟುಬಿದ್ದಿದ್ದಾನೆ. ಎಲ್ಲರೂ ಸಾವಿತ್ರಮ್ಮನ ಮುಖ ನೋಡುತ್ತಿದ್ದರು. ಅವರು ಹೂಂ ಅಂದರೆ ಎಲ್ಲರದೂ ಹೂಂ. ನನಗಂತೂ ಸುದೀಪ ದಾರಿಯಲ್ಲೇ ಹೇಳಿದ್ದ: "ಗುಜರಿಗೆ ಹಾಕು ಮೈತ್ರಿ. ಹೆಂಗಸರ ಕೈಯಾಗೆ ಎಂಜಿನ್ನು ಬಾಳಲ್ಲ." ಗಾಡಿ ಓಡಿಸಿಯೇ ಕೊಡಬೇಕಾದ ಉತ್ತರ ಅದು.

ಭಾನುವಾರ ಚಂದ್ರಹಾಸ ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಗೋಣಿಯಲ್ಲಿ ಸುತ್ತಿ ನಮ್ಮ ಮನೆಗೆ ತಂದ. ಅಮ್ಮ ಹೊಳೆಹೊನ್ನೂರಿನ ತನ್ನ ತಂಗಿಯ ಮನೆಗೆ, ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಅಪ್ಪನಿಗೆ ಯಾಕೋ ಮನಸ್ಸೇ ಇರಲಿಲ್ಲ.

"ನಾಳೆ ನೋಡಾಣ. ನಿಮ್ಮವ್ವ ಬರ್ಲಿ," ಅಂದರು.

"ಕಬ್ಬಿಣ ಕೇಳಕ್ಕೆ ಅಮ್ಮ ಯಾಕಪ್ಪಾ?"

ಅಷ್ಟರಲ್ಲಿ ಬೀದಿಯ ನಾಲ್ಕು ಜನ ಸೇರಿದ್ದರು, ಸುದೀಪನೂ ಜಗಲಿ ಹತ್ತಿ ಕೂತಿದ್ದ. ಅಪ್ಪ ಎದ್ದು ಕ್ರ್ಯಾಂಕನ್ನು ಕೊಂಡಿಗೆ ನೇತುಹಾಕಿ ಒಂದೇಟು ಹೊಡೆದರು. ಬಾಗಿಲ ಕಡೆ ನೋಡಿದರು. ಇನ್ನೊಂದು ಹೊಡೆದರು. ಮತ್ತೆ ಬಾಗಿಲು ನೋಡಿದರು. ನನ್ನ ಕಿವಿಗೆ ಅದು ಗಂಟೆ ಅನ್ನಿಸಲಿಲ್ಲ. ಆದರೆ ರಂಗಪ್ಪನ ಅಂಗಳದಲ್ಲಿ ನನ್ನ ಕಿವಿ ಯಾವ ಲೆಕ್ಕ? ಚಂದ್ರಹಾಸನೂ ತಲೆ ಕೆರೆದುಕೊಳ್ಳುತ್ತಿದ್ದ.

"ಏನ್ ಮಾವ, ಗಾಡಿ ಥರ ನೀವೂ ನಿಂತ್ಬಿಟ್ರಾ?" ಅಂದ ಸುದೀಪ. ಎಲ್ಲರೂ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಅಪ್ಪ ಬಾಗಿಲು ನೋಡುತ್ತಿರುವುದು ಬಂದವರಿಗೆ ಕಾಫಿ ಇನ್ನೂ ಬಂದಿಲ್ಲ ಎಂದೇ ಇರಬೇಕು ಅಂದುಕೊಂಡು, ಒಳಗೆ ಹೋಗಿ ಹಾಲು ಕಾಯಿಸಿ, ಡಿಕಾಕ್ಷನ್ ಬಗ್ಗಿಸಿ, ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದೆ.

ಅಪ್ಪ ತಟ್ಟೆಯನ್ನು ನೋಡಿದರು. ನನ್ನನ್ನು ನೋಡಿದರು. ಅವರ ಹೆಗಲು ಸಡಿಲಾದದ್ದು ನನಗೆ ಕಾಣಿಸಿತು. ವಿಭೂತಿ ಕರಡಿಗೆ ತೆರೆದು, ಕ್ರ್ಯಾಂಕಿನ ನಡುಮಧ್ಯದ ತಿರುವಿಗೆ ಮೂರು ಬೆರಳಲ್ಲಿ ಧಾರಾಳವಾಗಿ ಬಳಿದು, "ಪಾಸು" ಅಂದರು.

ಎಲ್ಲರೂ ನಿರಾಳವಾಗಿ ಲೋಟ ಎತ್ತಿಕೊಂಡರು. ನಾನು ಮಾತ್ರ ಕ್ರ್ಯಾಂಕಿನ ಹತ್ತಿರವೇ ನಿಂತಿದ್ದೆ, ನನ್ನದಾಗಲಿರುವ ಸಾಮಾನು ಎಂಬ ಆಸೆಯಿಂದ. ಕಾಫಿ ಮುಗಿಯುವ ಹೊತ್ತಿಗೆ ಬಿಳಿ ವಿಭೂತಿಯ ನಡುವೆ ಒಂದು ಕಪ್ಪು ಗೆರೆ ಎದ್ದಿತು. ಕೂದಲಿರಬೇಕೆಂದು ಸೆರಗಿನಿಂದ ಒರೆಸಿದೆ. ಗೆರೆ ಹೋಯಿತು. ನಾನೇ ಕರಡಿಗೆಯಿಂದ ಚಿಟಿಕೆ ವಿಭೂತಿ ತೆಗೆದು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ, ಅದೇ ಗೆರೆ, ಒದ್ದೆಯಾಗಿ ಎದ್ದು ಬಂತು. ಚಂದ್ರಹಾಸ ಬಗ್ಗಿ ನೋಡಿ ಬಾಯಿ ಮುಚ್ಚಿಕೊಂಡ. ತೊಳೆದ ಸೀಮೆಎಣ್ಣೆ ಬಿರುಕಿನೊಳಗೆ ಅಡಗಿ ಕೂತಿತ್ತು. ಒಣ ಬೂದಿ ಅದನ್ನು ಹೊರಗೆ ಎಳೆದಿತ್ತು.

ಸುಮ್ಮನೆ ಒರೆಸಿ, ಗೋಣಿಯಲ್ಲಿ ಸುತ್ತಿ, ಸಂಜೆ ಗುಜರಿಗೆ ಹಿಂತಿರುಗಿಸಬಹುದಿತ್ತು. ಅಪ್ಪನ ಮಾನ ಉಳಿಯುತ್ತಿತ್ತು. ಆದರೆ ಇದೇ ಅಂಗಳದಿಂದ ಪಾಸಾಗಿ ಹೋದ ಇನ್ನೊಂದು ಬಿರುಕು ನಾಳೆ ಯಾರದೋ ಗಾಡಿಯಲ್ಲಿ ಕೂತರೆ? ಓಡುವ ಗಾಡಿಯಲ್ಲಿ ಕ್ರ್ಯಾಂಕ್ ಮುರಿದರೆ ಒಳಗಿರುವವರು ದೇವರನ್ನು ನೆನೆಯುವುದಕ್ಕೂ ಪುರುಸೊತ್ತಿರುವುದಿಲ್ಲ. ಹೇಳಿಬಿಟ್ಟೆ.

"ಅಪ್ಪಾ, ಇದು ಬೇಡ. ಬಿರುಕೈತೆ."

"ನಾನು ಪಾಸ್ ಮಾಡಿದೀನಿ," ಅಂದರು ಅಪ್ಪ. ಅವರ ದನಿ ಮೇಲಕ್ಕೆ ಹೋಯಿತು. "ರಂಗಪ್ಪ ಪಾಸ್ ಮಾಡಿದ್ಮೇಲೆ ಮುಗೀತು!"

ಸುದೀಪ ಎದ್ದು ಬಂದು ಗೆರೆ ನೋಡಿದ. ಆಮೇಲೆ ಅಪ್ಪನ ಬೆನ್ನ ಹಿಂದೆ ನಿಂತು, ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ, "ಮಾವ, ನಿಮ್ಮ ಪಂಚೆ ಬಿಚ್ಚೋಗೈತೆ" ಅಂದ. ಅಪ್ಪ ತಿರುಗಲೂ ಇಲ್ಲ, ಪಂಚೆ ಮುಟ್ಟಲೂ ಇಲ್ಲ. ನನ್ನ ಮುಖವನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಕಿವಿ ಹೋಗೈತೆ ಕಣ್ರೋ!" ಅಂದ ಸುದೀಪ. "ಕಿವುಡರ ಹತ್ರ ನಾವು ಇಷ್ಟು ದಿನ ಕಬ್ಬಿಣ ಕೇಳಿಸ್ತಿದ್ವಾ?"

ಎಲ್ಲರೂ ಯಾಕೆ ನಗುತ್ತಿದ್ದಾರೆ ಎಂದು ಅಪ್ಪನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದ ಮೇಲೆ ಸುತ್ತಿಗೆಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು. ನನಗೆ ಸುದೀಪನ ತಲೆಗೆ ಅದೇ ಸುತ್ತಿಗೆಯಲ್ಲಿ ಒಂದು ಬಿಟ್ಟು ಅದರ ನಾದ ಕೇಳಬೇಕು ಅನ್ನಿಸಿತ್ತು.

ಸಂಜೆ ಅಮ್ಮ ಬಂದಳು. ಬೀದಿಯ ತುದಿಯಲ್ಲೇ ಸುದ್ದಿ ಸಿಕ್ಕಿತ್ತು. ಚೀಲ ಇಳಿಸಿದವಳೇ ಅಡುಗೆಮನೆಗೆ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ಕಾಫಿ ಯಾರೇ ಕೊಟ್ಟಿದ್ದು?"

"ನಾನೇ. ಬಂದವರು ನಿಂತಿದ್ರಲ್ಲ ಅಂತ."

ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. "ಹಾಳಾಗೋಯ್ತು. ಮಾರಾಯ್ತಿ, ನಾನು ಕೊಟ್ರೆ ಅಲ್ವೇನೆ ಅವರಿಗೆ ಗೊತ್ತಾಗೋದು!"

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಒಲೆಯ ಮೇಲಿನ ಹಾಲು ಉಕ್ಕಿ ಹೋಗುವುದನ್ನೂ ನೋಡುತ್ತ ನಿಂತಿದ್ದೆ. ಕಬ್ಬಿಣ ಪಾಸಾಯಿತೆಂದು ಕಾಫಿ ಬರುತ್ತಿರಲಿಲ್ಲ. ಕಾಫಿ ಬಂತೆಂದು ಅಪ್ಪ ಪಾಸು ಮಾಡುತ್ತಿದ್ದರು. ಒಲೆಯ ಮುಂದೆ ನಿಂತು ಕಬ್ಬಿಣ ಕೇಳುತ್ತಿದ್ದವಳು ಅಮ್ಮ.

"ನಿಂಗೆ ಕೇಳಕ್ಕೆ ಎಲ್ಲಿಂದ ಬಂತು?"

"ಸಂತೇಲಿ ಮಡಕೆ ತಗಳೋವಾಗ ಬಡಿದು ನೋಡಲ್ವಾ? ಇದೂ ಅಂಗೇ. ಒಂದಿನ ಯಾವನೋ ಸತ್ತ ಕಬ್ಬಿಣ ತಂದಿದ್ದ, ಇವ್ರು ವಿಭೂತಿಗೆ ಕೈ ಹಾಕಿದ್ರು. ನಾನು ಕಾಫಿ ತಗೊಂಡು ಹೊಸ್ತಿಲ ತನಕ ಬಂದಿದ್ದೋಳು ವಾಪಸ್ ಒಳಗೆ ಹೋದೆ. ಇವ್ರು ನೋಡಿದ್ರು, ಕೈ ತೆಗೆದ್ರು. ಆವತ್ತಿಂದ ಅಂಗೇ ನಡ್ಕೊಂಡು ಬಂತು."

"ಇಬ್ರೂ ಮಾತಾಡಿಕೊಂಡಿದ್ರಾ?"

"ಏನಂತ ಮಾತಾಡ್ಲಿ?" ಅಮ್ಮ ಸಿಟ್ಟಿನಿಂದಲೇ ಕಣ್ಣು ಒರೆಸಿಕೊಂಡಳು. "ನಿಮಗೆ ಕಿವಿ ಇಲ್ಲ ಅನ್ನಲಾ? ಆ ಸುತ್ತಿಗೆ ಮಿಷನ್ನು ತಿಂದಾಕ್ತು ಅವರ ಕಿವೀನ. ಉಳಿದಿದ್ದು ಹೆಸರೊಂದೇ."

ನಾನು ಎಂಥ ಮಗಳು ನೋಡಿ. ಒಂದು ಮಾತಿಗೆ ಎರಡು ಸಲ ಏನು ಅನ್ನುವುದು ಅಪ್ಪನ ಗತ್ತು ಅಂದುಕೊಂಡಿದ್ದೆ. ಅವರು ಮಾತಾಡುವವರ ತುಟಿಯನ್ನೇ ನೋಡುವುದು ಗಾಂಭೀರ್ಯ ಅಂದುಕೊಂಡಿದ್ದೆ. ಸಂಕಟವಾಯಿತು. ಸಂಕಟಕ್ಕಿಂತ ಹೆಚ್ಚಾಗಿ ರೋಷ ಬಂತು, ಯಾರ ಮೇಲೆ ಎಂದು ಸರಿಯಾಗಿ ಗೊತ್ತಿಲ್ಲದ ರೋಷ. ಕಿವಿ ಕೊಟ್ಟು ದುಡಿದ ಮನುಷ್ಯ ಕಿವಿ ಇಲ್ಲ ಎಂದು ನಾಚಿಕೆ ಪಡಬೇಕೇ?

ಚಂದ್ರಹಾಸ ಮತ್ತೆ ಗುಜರಿ ಸುತ್ತಿದ. ಈ ಸಲ ನಾನು ಕ್ರ್ಯಾಂಕಿಗಿಂತ ಮೊದಲು ಗಾಡಿ ಯಾಕೆ ಸತ್ತಿತು ಎಂದು ಕೇಳುತ್ತಿದ್ದೆ. ಗುದ್ದಿದ್ದು ಬೇಡ, ಎಣ್ಣೆಯಿಲ್ಲದೆ ಓಡಿದ್ದು ಬೇಡ. ಕೊನೆಗೆ ಮೈಯೆಲ್ಲ ತುಕ್ಕು ತಿಂದು, ನೆಲ ಉದುರಿ, ಎಂಜಿನ್ನು ಮಾತ್ರ ಸರಿಯಾಗಿ ಓಡುತ್ತಿದ್ದಾಗಲೇ ಗುಜರಿಗೆ ಬಂದ ಗಾಡಿಯೊಂದು ಸಿಕ್ಕಿತು. ಕ್ರ್ಯಾಂಕ್ ಒಮ್ಮೆ ಗ್ರೈಂಡಿಂಗ್ ಆಗಿತ್ತು, ಅಳತೆ ಮಾತ್ರ ಎಲ್ಲ ಕಡೆ ಒಂದೇ ಸಮ. ಆ ಅಳತೆಗೆ ಬೇರಿಂಗೂ ಸಿಗುತ್ತಿತ್ತು.

"ಇಲ್ಲೇ ಸೀಮೆಎಣ್ಣೆ ಹಾಕಿ, ಬೂದಿ ಉದುರ್ಸಿ ನೋಡಿ ಕೂರಿಸಿಬಿಡ್ತೀನಿ ಅಕ್ಕ," ಅಂದ ಚಂದ್ರಹಾಸ. "ಅಪ್ಪಾರಿಗೆ ಯಾಕೆ ಸುಮ್ನೆ ತೊಂದ್ರೆ?"

"ಇಲ್ಲಿ ನೋಡು. ಆಮೇಲೆ ನಮ್ಮ ಅಂಗಳಕ್ಕೆ ತಗೊಂಡು ಬಾ," ಅಂದೆ. "ಅದೇ ಕೊಂಡಿಗೆ ನೇತುಹಾಕ್ತೀವಿ. ಅದೇ ಜನದ ಮುಂದೆ."

ಬೇಕೆಂದೇ ಬೀದಿಗೆಲ್ಲ ಸಾರಿದೆ. ಸಾವಿತ್ರಮ್ಮನಿಗೂ ಫೋನು ಮಾಡಿದೆ. "ಕಿವುಡರು ಪಾಸ್ ಮಾಡಿದ ಗಾಡಿ ಹತ್ತುತ್ತೀರಾ ಅಂತ ಸುದೀಪ ಕೇಳ್ತಾವ್ನೆ ಕಣಮ್ಮ," ಅಂದರು ಅವರು. "ಏನ್ ಹೇಳ್ಲಿ?" ಬಂದು ನೋಡಿ ಹೇಳಿ ಅಂದೆ.

ಬಂದರು. ಮುಂಚೆಗಿಂತ ಹೆಚ್ಚು ಜನ ಬಂದರು. ಕಬ್ಬಿಣಕ್ಕಿಂತ ಮಾನ ಮುರಿಯುವುದನ್ನು ನೋಡಲು ಊರಿಗೆ ಆಸಕ್ತಿ ಜಾಸ್ತಿ. ಸುದೀಪ ಜಗಲಿಯ ಅದೇ ಜಾಗದಲ್ಲಿ ಕೂತಿದ್ದ. ಕ್ರ್ಯಾಂಕ್ ಕೊಂಡಿಯಲ್ಲಿ ತೂಗುತ್ತಿತ್ತು. ಆದರೆ ಅಪ್ಪ ಒಳಗಿಂದ ಬರಲಿಲ್ಲ. ನಾನು ಎರಡು ಸಲ ಹೋಗಿ ಭುಜ ಅಲುಗಿಸಿ ಕರೆದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು.

ಆಗ ಅಮ್ಮ ಹೊರಬಂದಳು. ಕೈಯಲ್ಲಿ ಕಾಫಿ ಇರಲಿಲ್ಲ. ಅಡುಗೆಮನೆಯ ಮಣೆ ಇತ್ತು. ಅದನ್ನು ಅಂಗಳದ ನಟ್ಟನಡುವೆ, ಕ್ರ್ಯಾಂಕಿನ ಪಕ್ಕದಲ್ಲಿ ಹಾಕಿಕೊಂಡು, ಸೆರಗು ಸುತ್ತಿಕೊಂಡು ಕೂತಳು.

"ಎಲ್ಲಾರೂ ಕೇಳ್ರಪ್ಪ," ಅಂದಳು. "ನಮ್ಮ ಯಜಮಾನ್ರಿಗೆ ಕಿವಿ ಕೇಳಲ್ಲ. ನಿಮ್ಮ ಕಬ್ಬಿಣ ಇಷ್ಟು ವರ್ಷ ಕೇಳಿದ್ದು ನಾನು. ಕೈ ಅವರ್ದು, ಕಿವಿ ನಂದು. ಬ್ಯಾಡ ಅನ್ನೋರು ಈಗ್ಲೇ ಎದ್ದು ಹೋಗ್ಬೋದು."

ಯಾರೂ ಏಳಲಿಲ್ಲ. ಸುದೀಪ ಮಾತ್ರ ಹಲ್ಲು ಬಿಟ್ಟ. "ಏನತ್ತೆ, ಹೆಂಗಸ್ರು ಕಬ್ಬಿಣ ಕೇಳ್ತಾರಾ?"

"ನಿನ್ನ ಮೊದಲ ಗಾಡಿಗೆ ಹಳೇ ಆಕ್ಸಲ್ ತಂದಿದ್ದೆ, ನೆನಪೈತಾ? ಮೊದಲ್ನೇದಕ್ಕೆ ಕಾಫಿ ಬರಲಿಲ್ಲ, ವಾಪಸ್ ಕಳಿಸಿದ್ವಿ. ಎರಡ್ನೇದಕ್ಕೆ ಬಂತು. ಅದ್ರ ಮೇಲೆ ಓಡಿಸಿ ಓಡಿಸಿ ತಾನೆ ನೀನು ಹೊಸ ಗಾಡಿ ತಗೊಂಡಿದ್ದು? ಆ ಕಾಫಿ ನಾನು ಕೊಟ್ಟಿದ್ದು ಕಣೋ. ಹೆಂಗಸಿನ ಕಿವಿ ಬ್ಯಾಡ ಅಂದ್ರೆ, ಕುಡಿದ ಕಾಫೀನ ಕಕ್ಕು."

ಸಾವಿತ್ರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಸುದೀಪ ಜಗಲಿಯಿಂದ ಇಳಿದು ಕಂಬದ ಮರೆಗೆ ಹೋಗಿ ನಿಂತ.

ನಗು ಅಪ್ಪನಿಗೆ ಕೇಳಿಸಿರಲಾರದು. ಆದರೆ ಅವರು ಕಿಟಕಿಯಲ್ಲಿ ನಿಂತು ಅಮ್ಮನ ತುಟಿಯನ್ನು ನೋಡುತ್ತಿದ್ದರು. ಯಾವಾಗಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ. ಬಾಗಿಲಿಗೆ ಬಂದರು. ಅಮ್ಮ ಜಗಲಿಯ ಮೇಲಿದ್ದ ಸುತ್ತಿಗೆಯ ಕಡೆ ಕೈ ತೋರಿಸಿದಳು. ಅಪ್ಪ ಅದನ್ನು ಎತ್ತಿಕೊಂಡರು. ಗುರಿ ನೋಡಿ ಒಂದೇಟು ಹಾಕಿದರು.

ಕ್ರ್ಯಾಂಕ್ ಹಾಡಿತು. ಬೇರೆ ಪದ ನನಗೆ ಗೊತ್ತಿಲ್ಲ. ನಾದ ಚಪ್ಪರದ ತುಂಬ ಹರಿದು, ಇಳಿಯುತ್ತ ಇಳಿಯುತ್ತ ಬೀದಿಯವರೆಗೂ ಹೋಯಿತು; ಅಲ್ಲಿ ಹೋಗುತ್ತಿದ್ದ ಸೈಕಲ್ಲಿನವನೂ ಕಾಲೂರಿ ನಿಂತ. ಹಿಂದಿನ ಭಾನುವಾರ ಎಲ್ಲರ ಕಿವಿಗೂ ಟಪ್ ಅಂದದ್ದು ಕೇಳಿಸಿತ್ತು, ಆದರೆ ಕಾಫಿ ನೋಡಿ ಎಲ್ಲರೂ ನಮ್ಮ ನಮ್ಮ ಕಿವಿಯನ್ನೇ ಸುಳ್ಳು ಅಂದುಕೊಂಡಿದ್ದೆವು. ಈ ಸಲ ಯಾರಿಗೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಪ್ಪ ಮಾತ್ರ ಅಂಗೈಯನ್ನು ಕಬ್ಬಿಣದ ಮೇಲಿಟ್ಟು, ರೂಢಿಯಂತೆ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಅಮ್ಮನನ್ನು ನೋಡಿದರು.

ಅಮ್ಮ ಮಣೆಯಿಂದ ಏಳಲಿಲ್ಲ. "ಇವತ್ತು ನೀವ್ ತನ್ನಿ," ಅಂದಳು, ತುಟಿಯನ್ನು ಚೆನ್ನಾಗಿ ಅಗಲಿಸಿ.

ಅಪ್ಪ ಒಳಗೆ ಹೋದರು. ಪಾತ್ರೆಗಳು ಬಿದ್ದವು, ಡಬ್ಬಿಗಳು ಉರುಳಿದವು. ಅವರಿಗೆ ಅದೊಂದೂ ಕೇಳಿಸುತ್ತಿರಲಿಲ್ಲವಾದ್ದರಿಂದ ನಿಶ್ಚಿಂತೆಯಾಗಿ ಬೀಳಿಸುತ್ತಿದ್ದರು. ನಾನು ಒಳಗೆ ಹೋಗಲು ಹೊರಟೆ. ಅಮ್ಮ ನನ್ನ ಸೀರೆ ಹಿಡಿದು ಕೂರಿಸಿದಳು. ಚಂದ್ರಹಾಸ ನಗು ತಡೆಯಲು ಗೋಣಿ ಮಡಿಸುವ ನೆಪ ಮಾಡಿಕೊಂಡ.

"ಗಾಡಿ ಯಾವತ್ತು ಹೊರಡುತ್ತಮ್ಮ?" ಅಂದರು ಸಾವಿತ್ರಮ್ಮ, ಸುದೀಪನಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ. "ನಾವು ಅಲ್ಲಿ ತನಕ ಬಸ್ಸಿಗೇ ಹೋಗ್ತೀವಿ."

ಚಂದ್ರಹಾಸ ಎಂಜಿನ್ ಕೂರಿಸಿದ ಮರುದಿನವೇ ಅಂದೆ.

ಅಪ್ಪ ಒಂದೇ ಒಂದು ಲೋಟ ಹಿಡಿದುಕೊಂಡು ಹೊರಬಂದರು. ಮದುವೆಯಾದ ಲಾಗಾಯ್ತು ಒಲೆ ಹಚ್ಚದ ಮನುಷ್ಯ. ಕಾಫಿ ಅರ್ಧ ತಮ್ಮ ಪಂಚೆಯ ಮೇಲೇ ಇತ್ತು. ಬೀದಿಯೆಲ್ಲ ನೋಡುತ್ತಿರುವಾಗ ಅದನ್ನು ಅಮ್ಮನ ಕೈಗೆ ಕೊಟ್ಟು, ಏಟು ಹೊಡೆದು ಕಾಯುವವರ ಹಾಗೆ ಅವಳ ಮುಖವನ್ನೇ ನೋಡುತ್ತ ನಿಂತರು. ಅಮ್ಮ ಒಂದು ಗುಟುಕು ಕುಡಿದಳು. ಸಕ್ಕರೆ ಹಾಕಿರಲಿಲ್ಲ ಎಂದು ಅವಳ ಹುಬ್ಬಿನಿಂದಲೇ ನನಗೆ ಗೊತ್ತಾಯಿತು.

ನಮ್ಮ ಮನೆಯಲ್ಲಿ ಇಷ್ಟು ವರ್ಷ ಅಪ್ಪನಿಗೆ ಕೇಳುವ ಹಾಗೆ ಯಾರೂ ಕೂಗಿ ಮಾತಾಡಿರಲಿಲ್ಲ. ಕೂಗಿದರೆ ಊರಿಗೆ ಗೊತ್ತಾಗುತ್ತದೆ ಎಂಬ ಭಯ ಅಮ್ಮನಿಗೆ. ಅಮ್ಮ ಲೋಟವನ್ನು ಕೆಳಗಿಟ್ಟು, ಎದೆ ತುಂಬ ಉಸಿರು ಎಳೆದುಕೊಂಡು, ಓಲ್ಡ್ ಟೌನಿನ ಕೊನೆಯ ಮನೆಗೂ ಕೇಳುವ ಹಾಗೆ ಕೂಗಿದಳು.

"ಪಾಸು!"

ಅಪ್ಪ ವಿಭೂತಿ ಕರಡಿಗೆಗೆ ಕೈ ಹಾಕಿದರು.